ಕಾಗದದ ಯಂತ್ರ ನಿಲ್ಲುವ ಮುನ್ನ: ಉದ್ಯೋಗ ಕಡಿತದ ಹಿಂದಿನ ಲೆಕ್ಕಾಚಾರ ಮತ್ತು ಕಾರ್ಮಿಕರಿಗೆ ತಡವಾಗಿ ತಲುಪುವ ಸುದ್ದಿ

2025ರ ಆಗಸ್ಟ್‌ನಲ್ಲಿ ಇಂಟರ್‌ನ್ಯಾಷನಲ್ ಪೇಪರ್ ಕಂಪನಿಯು ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಮತ್ತು ರೈಸ್‌ಬರೋದಲ್ಲಿದ್ದ ತನ್ನ ಕಾರ್ಖಾನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 1,100 ಜನರ ಕೆಲಸ ಹೋಗಲಿತ್ತು, ಅದಕ್ಕೆ ಇಟ್ಟ ಗಡುವು ಸೆಪ್ಟೆಂಬರ್ ತಿಂಗಳ ಕೊನೆ. ಅದೇ ರಾಜ್ಯದ ಸೀಡರ್ ಸ್ಪ್ರಿಂಗ್ಸ್‌ನಲ್ಲಿ ಜಾರ್ಜಿಯಾ-ಪೆಸಿಫಿಕ್ ಕಂಪನಿ ಆ ವರ್ಷದ ಮೇ ತಿಂಗಳಿನಲ್ಲೇ ಇಂಥದೇ ನಿರ್ಧಾರ ಪ್ರಕಟಿಸಿ 500ಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸುವುದಾಗಿ ಹೇಳಿತ್ತು. ಕಾಗದದ ಕಾರ್ಖಾನೆ ಮುಚ್ಚಿತೆಂದರೆ ಜನ ಈಗ ಫೋನಿನಲ್ಲಿ ಓದುತ್ತಾರೆ, ಪತ್ರಿಕೆ ಕೊಳ್ಳುವವರಿಲ್ಲ ಎಂಬ ವಿವರಣೆ ತಕ್ಷಣ ಬರುತ್ತದೆ. ಆದರೆ ಜಾರ್ಜಿಯಾದ ಈ ಕಾರ್ಖಾನೆಗಳು ತಯಾರಿಸುತ್ತಿದ್ದದ್ದು ಪತ್ರಿಕೆಯ ಕಾಗದವನ್ನಲ್ಲ, ರಟ್ಟಿನ ಪೆಟ್ಟಿಗೆಗಳಿಗೆ ಬೇಕಾಗುವ ಕಾಗದವನ್ನು. ಮನೆಬಾಗಿಲಿಗೆ ಪೊಟ್ಟಣಗಳು ಬಂದು ಬೀಳುವ ಈ ಕಾಲದಲ್ಲಿ ಉದ್ಯಮದ ಭವಿಷ್ಯವೇ ಅಲ್ಲಿದೆ ಎಂದು ಎಲ್ಲರೂ ನಂಬಿದ್ದ ವಿಭಾಗವದು.

ಹಾಗಾಗಿ ಡಿಜಿಟಲ್ ಯುಗವೆಂಬ ಒಂದೇ ಮಾತಿನಿಂದ ಈ ಉದ್ಯಮದ ಉದ್ಯೋಗ ಕಡಿತವನ್ನು ವಿವರಿಸಲಾಗದು. ಇಲ್ಲಿ ಒಂದಕ್ಕೊಂದು ಸೇರಿಕೊಂಡ ಹಲವು ಕಾರಣಗಳಿವೆ: ಮುದ್ರಣ ಕಾಗದದ ಬೇಡಿಕೆಯ ಕುಸಿತ, ಕಾಗದದ ಯಂತ್ರದ ವಿಚಿತ್ರ ಅರ್ಥಶಾಸ್ತ್ರ, ಕಾಗದದ ಕಚ್ಚಾವಸ್ತುವಾದ ಮರದ ತಿರುಳಿನ ಉತ್ಪಾದನೆ ಖಂಡಗಳನ್ನೇ ದಾಟಿ ಹೋದದ್ದು, ಮತ್ತು ಕಂಪನಿಗಳ ವಿಲೀನಗಳ ನಂತರ ನಡೆಯುವ ಲೆಕ್ಕಾಚಾರ. ಇವುಗಳಲ್ಲಿ ಯಾವುದೂ ಹಠಾತ್ತಾಗಿ ಎರಗುವಂಥದ್ದಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಯಾವ ಯಂತ್ರ ಮೊದಲು ನಿಲ್ಲಲಿದೆ ಎಂಬುದನ್ನು ಕಂಪನಿಯ ಯೋಜನಾ ವಿಭಾಗ ಐದಾರು ವರ್ಷ ಮುಂಚಿತವಾಗಿಯೇ ಬಹುಮಟ್ಟಿಗೆ ಊಹಿಸಬಲ್ಲದು. ಕಾರ್ಮಿಕನಿಗೆ ಆ ಸುದ್ದಿ ತಲುಪುವುದು ಕೆಲವೇ ವಾರಗಳ ಮುಂಚೆ. ಈ ಎರಡು ಅವಧಿಗಳ ನಡುವಿನ ಅಂತರವೇ ಅತಿ ದೊಡ್ಡ ಅನ್ಯಾಯ ಎಂಬುದು ನನ್ನ ಅಭಿಪ್ರಾಯ.

ಮೊದಲು ಬೇಡಿಕೆಯ ಮಾತು. ಇದು ಎಲ್ಲರಿಗೂ ಗೊತ್ತಿರುವ ಭಾಗವಾದ್ದರಿಂದ ಹೆಚ್ಚು ವಿಸ್ತರಿಸಬೇಕಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 40 ಕೋಟಿ ಟನ್ ಕಾಗದ ಮತ್ತು ರಟ್ಟು ತಯಾರಾಗುತ್ತದೆ. ಈ ಒಟ್ಟು ಮೊತ್ತ ಕಳೆದ ಎರಡು ದಶಕಗಳಲ್ಲಿ ಕುಸಿದಿಲ್ಲ, ಬದಲಾದದ್ದು ಅದರೊಳಗಿನ ಪಾಲು. 2000ದ ಸುಮಾರಿಗೆ ಪತ್ರಿಕಾ ಕಾಗದದ ಜಾಗತಿಕ ಉತ್ಪಾದನೆ ಹತ್ತಿರ ಹತ್ತಿರ 4 ಕೋಟಿ ಟನ್ ಇತ್ತು, ಈಗ ಅದು ಅದರ ಅರ್ಧಕ್ಕಿಂತಲೂ ಬಹಳ ಕೆಳಗಿಳಿದಿದೆ. ಕಚೇರಿಯ ಬಿಳಿ ಹಾಳೆ ಮತ್ತು ನಿಯತಕಾಲಿಕಗಳ ನುಣುಪು ಕಾಗದಗಳೂ ಅದೇ ದಾರಿ ಹಿಡಿದಿವೆ. ಪ್ಯಾಕಿಂಗ್ ಕಾಗದ ಮತ್ತು ರಟ್ಟು ಈಗ ಒಟ್ಟು ಉತ್ಪಾದನೆಯ ಅರ್ಧಕ್ಕಿಂತ ಎಷ್ಟೋ ಹೆಚ್ಚಿನ ಪಾಲನ್ನು ಆಕ್ರಮಿಸಿಕೊಂಡಿವೆ. 2020ರ ಆಗಸ್ಟ್‌ನಲ್ಲಿ ಯುಪಿಎಂ ಕಂಪನಿ ಫಿನ್ಲೆಂಡಿನ ಕೈಪೋಲಾ ಕಾರ್ಖಾನೆಯನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ಸುಮಾರು 450 ಜನ ಕೆಲಸ ಕಳೆದುಕೊಂಡರು. ಒಂದು ಕಾಲದಲ್ಲಿ ಯುರೋಪಿನ ಪತ್ರಿಕೆಗಳಿಗೆಲ್ಲ ಕಾಗದ ಒದಗಿಸುತ್ತಿದ್ದ ಆ ದೇಶದಲ್ಲಿ ಪತ್ರಿಕಾ ಕಾಗದ ತಯಾರಿಸುತ್ತಿದ್ದ ಕೊನೆಯ ಕಾರ್ಖಾನೆಯೂ ಅದೇ ಆಗಿತ್ತು.

ಯಂತ್ರದ ಅರ್ಥಶಾಸ್ತ್ರ

ಬೇಡಿಕೆ ವರ್ಷಕ್ಕೆ ನೂರಕ್ಕೆ ಐದರಂತೆ ಇಳಿಯುತ್ತಿದ್ದರೆ ಉದ್ಯೋಗವೂ ಹಾಗೆಯೇ ಸ್ವಲ್ಪ ಸ್ವಲ್ಪವಾಗಿ, ನಿವೃತ್ತಿಯಾದವರ ಜಾಗ ತುಂಬದೆ, ಸದ್ದಿಲ್ಲದೆ ಕಡಿಮೆಯಾಗಬೇಕಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಅನೇಕ ಉದ್ಯಮಗಳಲ್ಲಿ ಹಾಗೆಯೇ ಆಗುತ್ತದೆ. ಕಾಗದದಲ್ಲಿ ಹಾಗಾಗದಿರಲು ಕಾರಣ ಯಂತ್ರ.

ಆಧುನಿಕ ಕಾಗದದ ಯಂತ್ರವೊಂದು ನೂರು ಮೀಟರಿಗೂ ಉದ್ದವಾಗಿ, ಎಂಟು ಹತ್ತು ಮೀಟರ್ ಅಗಲದ ಹಾಳೆಯನ್ನು ಬಿಡುವಿಲ್ಲದೆ ಹರಿಸುವ ಒಂದು ಸಾಲು. ಅದರ ಒಂದು ತುದಿಯಲ್ಲಿ ಸುರಿಯುವ ದ್ರವದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು, ಉಳಿದದ್ದು ನಾರು. ಜಾಲರಿಯ ಮೇಲೆ ನೀರು ಬಸಿದು, ಒತ್ತುರುಳೆಗಳ ನಡುವೆ ಹಿಂಡಿ, ಹಬೆಯಿಂದ ಕಾದ ಹತ್ತಾರು ಉರುಳೆಗಳ ಮೇಲೆ ಒಣಗಿ, ಇನ್ನೊಂದು ತುದಿಯಲ್ಲಿ ಅದು ಬೃಹತ್ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಪತ್ರಿಕಾ ಕಾಗದದ ವೇಗದ ಯಂತ್ರಗಳಲ್ಲಿ ಹಾಳೆ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಇಂಥ ಯಂತ್ರವನ್ನು ಹೊಸದಾಗಿ ಸ್ಥಾಪಿಸಲು ಬಹಳ ದೊಡ್ಡ ಬಂಡವಾಳ ಹೂಡಬೇಕು. ಒಮ್ಮೆ ಸ್ಥಾಪಿಸಿದ ಮೇಲೆ ಅದು ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ ಓಡುತ್ತಿರಬೇಕು.

ಏಕೆಂದರೆ ಈ ಯಂತ್ರವನ್ನು ಅರ್ಧ ಓಡಿಸಿ ಅರ್ಧ ನಿಲ್ಲಿಸುವಂತಿಲ್ಲ. ಸಾಮರ್ಥ್ಯದ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಓಡಿದರೆ ಲಾಭ, ಎಂಬತ್ತಕ್ಕೆ ಇಳಿದರೆ ನಷ್ಟ ಎಂಬಷ್ಟು ತೆಳುವಾದ ಅಂಚಿನ ಮೇಲೆ ಅನೇಕ ಕಾರ್ಖಾನೆಗಳು ನಡೆಯುತ್ತವೆ. ಹಬೆಯ ಬಾಯ್ಲರ್, ನೀರು ಶುದ್ಧೀಕರಣ, ನಿರ್ವಹಣೆಯ ಸಿಬ್ಬಂದಿ, ಸಾಲದ ಬಡ್ಡಿ, ಇವೆಲ್ಲ ಎಷ್ಟು ಟನ್ ತಯಾರಾಯಿತು ಎಂಬುದನ್ನು ಕೇಳದೆ ನಡೆಯುವ ಖರ್ಚುಗಳು. ಪಾಳಿಯಲ್ಲಿ ಯಂತ್ರದ ಬಳಿ ನೇರವಾಗಿ ಇರುವವರು ಈಗಾಗಲೇ ಬೆರಳೆಣಿಕೆಯ ಜನ, ಅವರಲ್ಲಿ ಇಬ್ಬರನ್ನು ತೆಗೆದರೆ ಉಳಿಯುವುದು ಅತ್ಯಲ್ಪ. ಹೀಗಾಗಿ ಬೇಡಿಕೆ ಕುಗ್ಗಿದಾಗ ಕಂಪನಿಯ ಮುಂದೆ ಇರುವ ದಾರಿಯೆಂದರೆ ಎಲ್ಲ ಯಂತ್ರಗಳನ್ನೂ ಸ್ವಲ್ಪ ನಿಧಾನಗೊಳಿಸುವುದಲ್ಲ, ಒಂದನ್ನು ಪೂರ್ತಿಯಾಗಿ ನಿಲ್ಲಿಸಿ ಅದರ ಗಿರಾಕಿಗಳನ್ನು ಉಳಿದವುಗಳಿಗೆ ಹಂಚುವುದು. ಸಾವಿರಾರು ಮೈಲಿಗಳಗಲ ಹರಡಿಕೊಂಡ ಬೇಡಿಕೆಯ ಇಳಿತವೆಲ್ಲ ಹೀಗೆ ಒಂದೇ ಊರಿನ ತಲೆಯ ಮೇಲೆ ಬೀಳುತ್ತದೆ. 2021ರ ಏಪ್ರಿಲ್‌ನಲ್ಲಿ ಸ್ಟೋರಾ ಎನ್ಸೋ ಕಂಪನಿಯು ಫಿನ್ಲೆಂಡಿನ ವೇಟ್ಸಿಲುವೋಟೋ ಮತ್ತು ಸ್ವೀಡನ್ನಿನ ಕ್ವಾರ್ನ್ಸ್‌ವೆಡೆನ್ ಎಂಬ ಎರಡು ಕಡೆಗಳಲ್ಲಿ ಕಾಗದದ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಅದರ ಕಾಗದ ಉತ್ಪಾದನಾ ಸಾಮರ್ಥ್ಯದ 35 ಶೇಕಡಾ ಒಂದೇ ಏಟಿಗೆ ಹೋಯಿತು. ಮೊದಲನೆಯ ಕಡೆ ಸುಮಾರು 670, ಎರಡನೆಯ ಕಡೆ ಸುಮಾರು 440 ಜನರ ಕೆಲಸ ಅದರೊಂದಿಗೆ ಹೋಯಿತು.

ಹಾಗಾದರೆ ಯಾವ ಯಂತ್ರವನ್ನು ನಿಲ್ಲಿಸುವುದು? ಇಲ್ಲಿ ಉದ್ಯಮದವರು ಬಳಸುವ ಸಾಧನ ವೆಚ್ಚದ ರೇಖೆ. ಒಂದು ಬಗೆಯ ಕಾಗದವನ್ನು ತಯಾರಿಸುವ ಎಲ್ಲ ಯಂತ್ರಗಳನ್ನೂ, ಸ್ಪರ್ಧಿಗಳದ್ದೂ ಸೇರಿದಂತೆ, ಟನ್ನಿಗೆ ತಗಲುವ ವೆಚ್ಚದ ಕ್ರಮದಲ್ಲಿ ಜೋಡಿಸಲಾಗುತ್ತದೆ. ಯಂತ್ರದ ವಯಸ್ಸು, ಅಗಲ, ವೇಗ, ಮರ ಅಥವಾ ರದ್ದಿ ಎಷ್ಟು ದೂರದಿಂದ ಬರುತ್ತದೆ, ವಿದ್ಯುತ್ತಿನ ದರವೆಷ್ಟು, ಬಂದರು ಎಷ್ಟು ಹತ್ತಿರ ಎಂಬೆಲ್ಲ ವಿವರಗಳೂ ಅದರಲ್ಲಿ ಸೇರಿರುತ್ತವೆ. ರೇಖೆಯ ದುಬಾರಿ ತುದಿಯಲ್ಲಿರುವ ಯಂತ್ರ ಮೊದಲು ಹೋಗುತ್ತದೆ. ಇಂಥ ಪಟ್ಟಿಗಳನ್ನು ತಯಾರಿಸಿ ಮಾರುವ ಸಲಹಾ ಸಂಸ್ಥೆಗಳೇ ಇವೆ; ಬ್ಯಾಂಕುಗಳು ಮತ್ತು ಹೂಡಿಕೆದಾರರು ಅವನ್ನು ಕೊಂಡು ಓದುತ್ತಾರೆ. ಆ ಯಂತ್ರವನ್ನು ಓಡಿಸುವ ಕಾರ್ಮಿಕನಿಗೆ ಮಾತ್ರ ತನ್ನ ಯಂತ್ರ ಆ ಪಟ್ಟಿಯಲ್ಲಿ ಎಷ್ಟನೆಯದು ಎಂದು ಯಾರೂ ಹೇಳುವುದಿಲ್ಲ.

ಅವನಿಗೆ ಬೇರೆ ಗುರುತುಗಳಿಂದ ಅದು ಗೊತ್ತಾಗುತ್ತದೆ. ವಾರ್ಷಿಕ ದುರಸ್ತಿಯ ಅವಧಿ ಚಿಕ್ಕದಾಗುತ್ತಾ ಹೋಗುತ್ತದೆ. ಒತ್ತುವ ವಿಭಾಗವನ್ನು ಬದಲಿಸುವ ಪ್ರಸ್ತಾವ ಮುಂದಿನ ವರ್ಷಕ್ಕೆ, ಮತ್ತೆ ಅದರ ಮುಂದಿನ ವರ್ಷಕ್ಕೆ ಹೋಗುತ್ತದೆ. ಹೊಸ ಹುಡುಗರನ್ನು ತರಬೇತಿಗೆ ತೆಗೆದುಕೊಳ್ಳುವುದು ನಿಲ್ಲುತ್ತದೆ, ಹೋದವರ ಜಾಗಕ್ಕೆ ಗುತ್ತಿಗೆಯವರು ಬರುತ್ತಾರೆ. ಕಂಪನಿಯ ದೊಡ್ಡ ಹೂಡಿಕೆಯೆಲ್ಲ ಬೇರೊಂದು ಕಾರ್ಖಾನೆಗೆ ಸಲ್ಲುತ್ತದೆ. ಹೂಡಿಕೆ ಇಲ್ಲದ ಯಂತ್ರ ಇನ್ನಷ್ಟು ದುಬಾರಿಯಾಗುತ್ತದೆ, ದುಬಾರಿಯಾದ್ದರಿಂದ ಅದಕ್ಕೆ ಇನ್ನಷ್ಟು ಹೂಡಿಕೆ ಸಿಗುವುದಿಲ್ಲ. ಮುಚ್ಚುವ ದಿನ ಬಂದಾಗ ಈ ಕಾರ್ಖಾನೆ ಸ್ಪರ್ಧೆಯಲ್ಲಿ ಉಳಿಯಲಾರದೆ ಹೋಯಿತು ಎಂದು ಪ್ರಕಟಣೆ ಹೊರಡುತ್ತದೆ. ಆ ಮಾತು ಅಂಕಿಗಳ ಮಟ್ಟಿಗೆ ನಿಜವಿರಬಹುದು. ಆದರೆ ಹಾಗೆ ಆಗಲು ಬಿಟ್ಟ ನಿರ್ಧಾರ ಎಷ್ಟೋ ವರ್ಷಗಳ ಹಿಂದೆಯೇ, ಬಂಡವಾಳದ ಹಂಚಿಕೆಯ ಸಭೆಯೊಂದರಲ್ಲಿ ಆಗಿರುತ್ತದೆ.

ತಿರುಳು ದಕ್ಷಿಣಕ್ಕೆ ಹೋದದ್ದು

ಕಚ್ಚಾವಸ್ತುವಿನ ಭೂಗೋಳವೂ ಈ ಕಥೆಯ ಭಾಗ. ಉತ್ತರ ಯುರೋಪಿನ ಸ್ಪ್ರೂಸ್ ಮರ ಕಡಿಯುವ ಹಂತಕ್ಕೆ ಬರಲು ಅರವತ್ತು, ಎಂಬತ್ತು ವರ್ಷ ಬೇಕು. ಬ್ರೆಜಿಲ್‌ನಲ್ಲಿ ನೀಲಗಿರಿ ಮರ ಆರೇಳು ವರ್ಷಗಳಲ್ಲಿ ಕಡಿಯಲು ಸಿದ್ಧವಾಗುತ್ತದೆ. ಈ ಒಂದು ವ್ಯತ್ಯಾಸದ ಮೇಲೆ ಕಳೆದ ಇಪ್ಪತ್ತು ವರ್ಷಗಳ ಹೂಡಿಕೆಯ ದಿಕ್ಕು ನಿರ್ಧಾರವಾಗಿದೆ. ಬ್ರೆಜಿಲ್ಲಿನ ಸುಝಾನೋ ಕಂಪನಿ 2024ರಲ್ಲಿ ಆರಂಭಿಸಿದ ರಿಬಾಸ್ ದೊ ರಿಯೊ ಪಾರ್ದೊ ಕಾರ್ಖಾನೆ ವರ್ಷಕ್ಕೆ 25 ಲಕ್ಷ ಟನ್ನಿಗೂ ಹೆಚ್ಚು ತಿರುಳು ತಯಾರಿಸಬಲ್ಲದು. ಕೈಪೋಲಾವನ್ನು ಮುಚ್ಚಿದ ಯುಪಿಎಂ ಕಂಪನಿಯೇ 2023ರಲ್ಲಿ ಉರುಗ್ವೆಯ ಪಾಸೊ ದೆ ಲೊಸ್ ತೊರೊಸ್‌ನಲ್ಲಿ 21 ಲಕ್ಷ ಟನ್ ಸಾಮರ್ಥ್ಯದ ತಿರುಳು ಕಾರ್ಖಾನೆಯನ್ನು 300 ಕೋಟಿ ಡಾಲರಿಗೂ ಮೀರಿದ ವೆಚ್ಚದಲ್ಲಿ ಆರಂಭಿಸಿತು. ಕಂಪನಿ ಬಡವಾದದ್ದರಿಂದ ಕೈಪೋಲಾ ಮುಚ್ಚಲಿಲ್ಲ. ಬಂಡವಾಳಕ್ಕೆ ಹೆಚ್ಚು ಪ್ರತಿಫಲ ಬೇರೆಡೆ ಇತ್ತು ಎಂಬ ಕಾರಣಕ್ಕೆ ಅದು ಹೋಯಿತು. ಹೂಡಿಕೆದಾರನ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನಷ್ಟದಿಂದ ಅನಿವಾರ್ಯವಾಯಿತು ಎಂಬ ಭಾಷೆಯನ್ನು ಇಂಥ ಸಂದರ್ಭದಲ್ಲಿ ಬಳಸಿದರೆ ಅದು ಅರ್ಧ ಸತ್ಯವಾಗುತ್ತದೆ.

ಯುದ್ಧವೂ ಇದಕ್ಕೆ ತನ್ನ ಪಾಲು ಸೇರಿಸಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ ನಂತರ ಫಿನ್ಲೆಂಡಿಗೆ ಗಡಿಯಾಚೆಯಿಂದ ಬರುತ್ತಿದ್ದ ಮರ ನಿಂತುಹೋಗಿ ದೇಶದೊಳಗಿನ ಮರದ ಬೆಲೆ ಏರಿತು. ಮರುವರ್ಷ ಸ್ಟೋರಾ ಎನ್ಸೋ ಕೊಟ್ಕಾ ಪಟ್ಟಣದ ಸುನಿಲಾ ತಿರುಳು ಕಾರ್ಖಾನೆಯನ್ನು ಮುಚ್ಚಿತು. ವಾಸ್ತುಶಿಲ್ಪಿ ಆಲ್ವಾರ್ ಆಲ್ಟೋ 1930ರ ದಶಕದಲ್ಲಿ ರೂಪಿಸಿದ ಕಾರ್ಖಾನೆಯದು, ಕಾರ್ಮಿಕರ ಮನೆಗಳನ್ನೂ ಅವರೇ ವಿನ್ಯಾಸಗೊಳಿಸಿದ್ದರು. ಕಾರ್ಖಾನೆ ಎಂದರೆ ಯಂತ್ರ ಮಾತ್ರವಲ್ಲ, ಅದರ ಸುತ್ತ ಬದುಕುವ ಊರೂ ಹೌದು ಎಂಬ ತಿಳಿವಳಿಕೆ ಒಂದು ಕಾಲದ ಕೈಗಾರಿಕೋದ್ಯಮಿಗಳಿಗೆ ಇತ್ತು ಎಂಬುದಕ್ಕೆ ಆ ಮನೆಗಳು ಇಂದಿಗೂ ಸಾಕ್ಷಿಯಾಗಿವೆ.

ಬೆಳೆಯುವ ವಿಭಾಗದಲ್ಲೂ ಕಡಿತ ಏಕೆ

ಈಗ ಪೆಟ್ಟಿಗೆಯ ಕಾಗದಕ್ಕೆ ಬರೋಣ. ಇಲ್ಲಿಯ ಉದ್ಯೋಗ ಕಡಿತಕ್ಕೆ ಬೇಡಿಕೆಯ ಕುಸಿತವನ್ನು ಮುಖ್ಯ ಕಾರಣವೆನ್ನಲಾಗದು. ಕೋವಿಡ್ ಕಾಲದಲ್ಲಿ ಮನೆಬಾಗಿಲಿನ ಖರೀದಿ ಏರಿದ್ದನ್ನು ಕಂಡು ಹೊಸ ಯಂತ್ರಗಳಿಗೆ ಹಣ ಹರಿಯಿತು. ಆ ಯಂತ್ರಗಳು ಸಿದ್ಧವಾಗಿ ಓಡತೊಡಗುವ ಹೊತ್ತಿಗೆ ಖರೀದಿಯ ಉತ್ಸಾಹ ತಣ್ಣಗಾಗಿತ್ತು. ಮುದ್ರಣ ಕಾಗದದ ಹಳೆಯ ಯಂತ್ರಗಳನ್ನು ಪೆಟ್ಟಿಗೆಯ ಕಾಗದಕ್ಕೆ ಪರಿವರ್ತಿಸಿದ ಕಂಪನಿಗಳೂ ಅದೇ ಸಂತೆಗೆ ಬಂದು ಕುಳಿತವು. ಪೆಟ್ಟಿಗೆಗಳು ಹಗುರವಾಗುತ್ತಿರುವುದರಿಂದ ಅಷ್ಟೇ ಪೆಟ್ಟಿಗೆಗೆ ಮೊದಲಿಗಿಂತ ಕಡಿಮೆ ಕಾಗದ ಸಾಕಾಗುತ್ತಿದೆ. ಇದರ ಮೇಲೆ ರದ್ದಿಯಿಂದ ಕಾಗದ ಮಾಡುವ ಹೊಸ ಕಾರ್ಖಾನೆಗಳು ಮರದಿಂದ ಮಾಡುವ ಹಳೆಯ ಕಾರ್ಖಾನೆಗಳಿಗಿಂತ ಕಡಿಮೆ ಜನರಿಂದ, ಕಡಿಮೆ ಬಂಡವಾಳದಿಂದ ನಡೆಯುತ್ತವೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಮುಚ್ಚಿದ ಕಾರ್ಖಾನೆಗಳಲ್ಲಿ ಬಹುಪಾಲು ಮರವನ್ನೇ ಅವಲಂಬಿಸಿದ ಹಳೆಯವು.

ಇದಕ್ಕೆ ಸೇರಿಕೊಂಡದ್ದು ವಿಲೀನಗಳ ಅಲೆ. ಐರ್ಲೆಂಡಿನ ಸ್ಮರ್ಫಿಟ್ ಕಪ್ಪಾ ಮತ್ತು ಅಮೆರಿಕದ ವೆಸ್ಟ್‌ರಾಕ್ 2024ರ ಜುಲೈನಲ್ಲಿ ಒಂದಾದವು. ಇಂಟರ್‌ನ್ಯಾಷನಲ್ ಪೇಪರ್ 2025ರ ಜನವರಿ ಕೊನೆಯಲ್ಲಿ ಬ್ರಿಟನ್ನಿನ ಡಿಎಸ್ ಸ್ಮಿತ್ ಕಂಪನಿಯನ್ನು ತನ್ನದಾಗಿಸಿಕೊಂಡಿತು. ಅದೇ ಇಂಟರ್‌ನ್ಯಾಷನಲ್ ಪೇಪರ್ 2024ರ ಕೊನೆಗೆ ದಕ್ಷಿಣ ಕೆರೊಲೈನಾದ ಜಾರ್ಜ್‌ಟೌನ್ ಕಾರ್ಖಾನೆಯನ್ನು, 2025ರಲ್ಲಿ ಲೂಸಿಯಾನಾದ ರೆಡ್ ರಿವರ್ ಕಾರ್ಖಾನೆಯನ್ನು, ನಂತರ ಜಾರ್ಜಿಯಾದ ಎರಡನ್ನು ಮುಚ್ಚಿತು. ಎರಡು ಕಂಪನಿಗಳು ಒಂದಾಗುವಾಗ ಷೇರುದಾರರ ಮುಂದೆ ವರ್ಷಕ್ಕೆ ಇಷ್ಟು ಕೋಟಿ ಉಳಿತಾಯ ಮಾಡುತ್ತೇವೆ ಎಂಬ ವಚನ ಇಡಲಾಗುತ್ತದೆ. ಆ ಉಳಿತಾಯದ ದೊಡ್ಡ ಪಾಲು ಬರುವುದು ಎರಡೆರಡಾಗಿ ಉಳಿದ ಕಚೇರಿಗಳಿಂದ ಮತ್ತು ರೇಖೆಯ ದುಬಾರಿ ತುದಿಯ ಯಂತ್ರಗಳಿಂದ. ಕಡಿಮೆ ಕೈಗಳಲ್ಲಿ ಹೆಚ್ಚು ಸಾಮರ್ಥ್ಯ ಸೇರಿದ ಮೇಲೆ ಇನ್ನೊಂದು ಲೆಕ್ಕವೂ ಕೆಲಸ ಮಾಡುತ್ತದೆ: ಮಾರುಕಟ್ಟೆಯ ಸಣ್ಣ ಪಾಲು ಹೊಂದಿದ ಕಂಪನಿ ಯಂತ್ರ ನಿಲ್ಲಿಸಿದರೆ ಅದರ ಲಾಭ ಸ್ಪರ್ಧಿಗಳಿಗೆ ಹೋಗುತ್ತದೆ, ದೊಡ್ಡ ಪಾಲು ಹೊಂದಿದ ಕಂಪನಿ ನಿಲ್ಲಿಸಿದರೆ ಪೂರೈಕೆ ಬಿಗಿಯಾಗಿ, ಉಳಿದ ತನ್ನ ಯಂತ್ರಗಳ ಕಾಗದದ ಬೆಲೆ ಕುಸಿಯದೆ ನಿಲ್ಲುತ್ತದೆ. ಮುಚ್ಚುವುದೇ ಲಾಭದಾಯಕವಾಗುವ ಸ್ಥಿತಿ ಇದು. ವಿಲೀನಗಳಿಗೆ ಒಪ್ಪಿಗೆ ಕೊಡುವ ಸ್ಪರ್ಧಾ ಪ್ರಾಧಿಕಾರಗಳು ಗಿರಾಕಿ ತೆರಬೇಕಾದ ಬೆಲೆಯನ್ನು ನೋಡುತ್ತವೆ. ಕಾರ್ಮಿಕ ಮಾರುಕಟ್ಟೆಯನ್ನು ನೋಡುವುದು ಅಪರೂಪ. ಇದು ಬದಲಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪುನರ್ರಚನೆಯ ಇನ್ನೊಂದು ರೂಪ ಯಂತ್ರದ ಪರಿವರ್ತನೆ. ಮುಚ್ಚುವುದಕ್ಕಿಂತ ಇದು ಖಂಡಿತ ಒಳ್ಳೆಯದು, ಆದರೆ ಪರಿವರ್ತನೆಯಾದರೆ ಎಲ್ಲರ ಕೆಲಸವೂ ಉಳಿಯುತ್ತದೆ ಎಂದುಕೊಂಡವರಿಗೆ ಅನುಭವ ಬೇರೆಯದನ್ನೇ ಹೇಳಿದೆ. ಫಿನ್ಲೆಂಡಿನ ಔಲು ನಗರದಲ್ಲಿ ಸ್ಟೋರಾ ಎನ್ಸೋ ನುಣುಪು ಕಾಗದದ ಯಂತ್ರವನ್ನು ಪೆಟ್ಟಿಗೆಯ ಕಾಗದಕ್ಕೆ ಬದಲಾಯಿಸಲು ಸುಮಾರು 35 ಕೋಟಿ ಯೂರೋ ಹೂಡಿತು. ಅದರ ಜೊತೆಗೇ 300ಕ್ಕೂ ಹೆಚ್ಚು ಹುದ್ದೆಗಳು ಕಡಿಮೆಯಾಗುತ್ತವೆ ಎಂದೂ ತಿಳಿಸಿತು. ಅಮೆರಿಕದ ವರ್ಜೀನಿಯಾದ ಫ್ರಾಂಕ್ಲಿನ್ ಕಾರ್ಖಾನೆ 2009ರಲ್ಲಿ ಮುಚ್ಚುವ ಸುದ್ದಿ ಬಂದಾಗ ಅಲ್ಲಿ ಸುಮಾರು 1,100 ಜನರಿದ್ದರು. 2012ರಲ್ಲಿ ಡಯಾಪರುಗಳಲ್ಲಿ ಬಳಸುವ ಮೃದು ತಿರುಳಿನ ತಯಾರಿಕೆಗಾಗಿ ಅದೇ ಕಾರ್ಖಾನೆ ಮತ್ತೆ ತೆರೆದಾಗ ಕೆಲಸ ಸಿಕ್ಕಿದ್ದು ಸುಮಾರು 200 ಜನರಿಗೆ. ಕಚೇರಿಯ ಹಾಳೆ ತಯಾರಿಸುವಲ್ಲಿ ಸುರುಳಿಯನ್ನು ಕತ್ತರಿಸಿ, ಎಣಿಸಿ, ಕಟ್ಟು ಕಟ್ಟಿ ಪೆಟ್ಟಿಗೆಗೆ ತುಂಬುವ ವಿಭಾಗದಲ್ಲೇ ದೊಡ್ಡ ಸಂಖ್ಯೆಯ ಜನ ಇರುತ್ತಾರೆ. ಪೆಟ್ಟಿಗೆಯ ಕಾಗದವೂ ತಿರುಳೂ ದೊಡ್ಡ ಸುರುಳಿಯಾಗಿ, ಹೊರೆಯಾಗಿ ನೇರ ಲಾರಿಯೇರುತ್ತವೆ. ಆ ಇಡೀ ವಿಭಾಗವೇ ಬೇಡವಾಗುತ್ತದೆ.

ಗೇಟಿನ ಹೊರಗೆ

ಪ್ರಕಟಣೆಯಲ್ಲಿ ಹೇಳುವ ಸಂಖ್ಯೆ ಗೇಟಿನ ಒಳಗಿನವರದ್ದು ಮಾತ್ರ. ಕಾಗದದ ಕಾರ್ಖಾನೆ ಕಾಡಿನ ಜೊತೆ ಬೆಸೆದುಕೊಂಡ ರೀತಿ ಹೊರಗಿನವರ ಗಮನಕ್ಕೆ ಬರುವುದು ಕಡಿಮೆ. ನೆಡುತೋಪಿನ ಮಾಲೀಕನು ದಪ್ಪ ಮರಗಳು ಬೆಳೆಯಲೆಂದು ನಡುನಡುವಿನ ಎಳೆಯ ಮರಗಳನ್ನು ಸವರುತ್ತಾನೆ. ಆ ತೆಳ್ಳನೆಯ ಮರವನ್ನು ಕೊಳ್ಳುವವರು ತಿರುಳು ಕಾರ್ಖಾನೆಯವರೇ. ಮರ ಕೊಯ್ಯುವ ಮಿಲ್ಲಿನಲ್ಲಿ ದುಂಡನೆಯ ದಿಮ್ಮಿಯಿಂದ ಚೌಕಾಕಾರದ ಹಲಗೆ ತೆಗೆದ ಮೇಲೆ ಉಳಿಯುವ ಚಕ್ಕೆಗಳನ್ನು ಕೊಳ್ಳುವವರೂ ಅವರೇ, ಮತ್ತು ಆ ಚಕ್ಕೆಯ ಆದಾಯದಿಂದಲೇ ಎಷ್ಟೋ ಕೊಯ್ಲು ಮಿಲ್ಲುಗಳು ಲಾಭದಲ್ಲಿ ಉಳಿಯುತ್ತವೆ. ತಿರುಳು ಕಾರ್ಖಾನೆ ಮುಚ್ಚಿದೊಡನೆ ಎಳೆಯ ಮರಕ್ಕೆ ಬೆಲೆ ಇಲ್ಲ, ಚಕ್ಕೆಗೆ ಜಾಗವಿಲ್ಲ, ಮರ ಸಾಗಿಸುವ ಲಾರಿಯ ಸಾಲ ತೀರಿಸಲು ಬಾಡಿಗೆ ಇಲ್ಲ. ಲಾರಿ ಮಾಲೀಕನಿಗೆ, ಮರ ಕಡಿಯುವ ಗುತ್ತಿಗೆದಾರನಿಗೆ ಯಾವ ಪರಿಹಾರ ಧನವೂ ಇಲ್ಲ. ಏಕೆಂದರೆ ಅವರು ಕಾರ್ಖಾನೆಯ ನೌಕರರಲ್ಲ.

ಉತ್ತರ ಕೆರೊಲೈನಾದ ಕ್ಯಾಂಟನ್ ಪಟ್ಟಣದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವಿಷಯದ ಬಹುತೇಕ ಎಲ್ಲ ಎಳೆಗಳೂ ಅಲ್ಲಿ ಒಂದೆಡೆ ಸಿಗುತ್ತವೆ. ಐದು ಸಾವಿರಕ್ಕೂ ಕಡಿಮೆ ಜನರಿರುವ ಆ ಪಟ್ಟಣದಲ್ಲಿ ಕಾರ್ಖಾನೆ 1908ರಿಂದ ನಡೆಯುತ್ತಿತ್ತು. 1999ರಲ್ಲಿ ಹಿಂದಿನ ಒಡೆಯರು ಅದನ್ನು ಕೈಬಿಡಲು ಹೊರಟಾಗ, ಕಾರ್ಮಿಕರು ಸಂಬಳ ಮತ್ತು ಸೌಲಭ್ಯಗಳ ಕಡಿತಕ್ಕೆ ಒಪ್ಪಿ, ಹೂಡಿಕೆ ಸಂಸ್ಥೆಯೊಂದರ ಜೊತೆಗೂಡಿ ಅದರ ಒಡೆತನದಲ್ಲಿ ಪಾಲು ಪಡೆದರು. 2007ರಲ್ಲಿ ಅದು ಮತ್ತೆ ಕೈಬದಲಾಯಿತು. 2014ರಲ್ಲಿ ರಾಜ್ಯ ಸರ್ಕಾರ ಉದ್ಯೋಗ ಉಳಿಸಿಕೊಳ್ಳುವ ಷರತ್ತಿನ ಮೇಲೆ 1.2 ಕೋಟಿ ಡಾಲರ್ ನೆರವು ಕೊಟ್ಟಿತು. 2023ರ ಮಾರ್ಚ್‌ನಲ್ಲಿ ಪ್ಯಾಕ್ಟಿವ್ ಎವರ್‌ಗ್ರೀನ್ ಕಂಪನಿ ಕಾರ್ಖಾನೆ ಮುಚ್ಚುವುದಾಗಿ ಹೇಳಿತು, ಜೂನ್ ಹೊತ್ತಿಗೆ ಯಂತ್ರಗಳು ನಿಂತವು, ಸುಮಾರು 1,100 ಜನ ಕೆಲಸ ಕಳೆದುಕೊಂಡರು. ಪಟ್ಟಣದ ಕೊಳಚೆ ನೀರನ್ನು ಶುದ್ಧೀಕರಿಸುತ್ತಿದ್ದದ್ದೂ ಕಾರ್ಖಾನೆಯ ಘಟಕವೇ ಆದ್ದರಿಂದ ಕೆಲಸದ ಜೊತೆ ಪಟ್ಟಣದ ಚರಂಡಿ ವ್ಯವಸ್ಥೆಯ ಪ್ರಶ್ನೆಯೂ ಎದ್ದಿತು. ಕೊಟ್ಟ ನೆರವನ್ನು ಮರಳಿ ಪಡೆಯಲು ರಾಜ್ಯದ ಅಟಾರ್ನಿ ಜನರಲ್ 2024ರಲ್ಲಿ ನ್ಯಾಯಾಲಯಕ್ಕೆ ಹೋದರು. ಸಂಬಳ ಕಡಿತವನ್ನು ಸಹಿಸಿ ಕಾರ್ಖಾನೆ ಉಳಿಸಿಕೊಂಡ ಒಂದು ಪೀಳಿಗೆಯ ತ್ಯಾಗಕ್ಕೆ ಮುಂದಿನ ಒಡೆಯರ ಲೆಕ್ಕದಲ್ಲಿ ಯಾವ ಸ್ಥಾನವೂ ಇರಲಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ.

ಇಂಥ ಊರುಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸ ಸಿಗುವುದಿಲ್ಲ ಎಂದೇನಲ್ಲ. ವಿದ್ಯುತ್ ಕೆಲಸದವರು, ಬೆಸುಗೆಯವರು, ಯಂತ್ರ ದುರಸ್ತಿಯವರು ಬೇಗನೆ ಬೇರೆಡೆ ಸೇರಿಕೊಳ್ಳುತ್ತಾರೆ. ಕಷ್ಟವಾಗುವುದು ಇಪ್ಪತ್ತು ಮೂವತ್ತು ವರ್ಷ ಯಂತ್ರವನ್ನೇ ನಡೆಸಿದವರಿಗೆ. ಹಾಳೆ ಹರಿದುಹೋಗುವ ಮುನ್ನ ಅದರ ಸದ್ದಿನ ಬದಲಾವಣೆ ಗುರುತಿಸುವುದು, ತಿರುಳಿನ ಬಣ್ಣ ನೋಡಿ ರಾಸಾಯನಿಕದ ಪ್ರಮಾಣ ಅಂದಾಜು ಮಾಡುವುದು, ಇವೆಲ್ಲ ಆ ಗೋಡೆಯೊಳಗೆ ಬಹಳ ಬೆಲೆಬಾಳುವ ವಿದ್ಯೆ, ಗೋಡೆಯಾಚೆ ಅದಕ್ಕೆ ಪ್ರಮಾಣಪತ್ರವೂ ಇಲ್ಲ. ಕಾಗದದ ಕಾರ್ಖಾನೆಗಳು ಆಸುಪಾಸಿನ ಬೇರೆ ಕೆಲಸಗಳಿಗಿಂತ ಹೆಚ್ಚು ಸಂಬಳ ಕೊಡುತ್ತಿದ್ದದ್ದರಿಂದ ಹೊಸ ಕೆಲಸ ಸಿಕ್ಕರೂ ಆದಾಯ ಇಳಿಯುತ್ತದೆ. ಊರು ಬಿಡೋಣವೆಂದರೆ, ಕಾರ್ಖಾನೆ ಮುಚ್ಚಿದ ಊರಿನಲ್ಲಿ ಮನೆಯನ್ನು ಕೊಳ್ಳುವವರು ಯಾರು?

ಮುಚ್ಚಿದ ನಂತರ ನಡೆದ ಪ್ರಯತ್ನಗಳು

ಫಿನ್ಲೆಂಡ್ ಈ ವಿಷಯದಲ್ಲಿ ಮೊದಲೇ ಪಾಠ ಕಲಿತ ದೇಶ. 2006ರಲ್ಲಿ ಯುಪಿಎಂ ವೊಯ್ಕ್ಕಾ ಕಾರ್ಖಾನೆ ಮುಚ್ಚುವುದಾಗಿ ಪ್ರಕಟಿಸಿದ ಆಘಾತದ ಹಿನ್ನೆಲೆಯಲ್ಲಿ, ಹಠಾತ್ ಆರ್ಥಿಕ ಬದಲಾವಣೆಗೆ ತುತ್ತಾದ ಪ್ರದೇಶಗಳೆಂದು ಕೆಲವು ಊರುಗಳನ್ನು ಸರ್ಕಾರ ಗುರುತಿಸಿ, ಮರುತರಬೇತಿಗೂ ಹೊಸ ಉದ್ಯಮಗಳಿಗೂ ಹಣ ಒದಗಿಸುವ ವ್ಯವಸ್ಥೆ ರೂಪಿಸಿತು. ಐರೋಪ್ಯ ಒಕ್ಕೂಟವೂ 2007ರಿಂದ ಇಂಥ ಕಾರ್ಮಿಕರಿಗೆಂದೇ ಜಾಗತೀಕರಣ ಹೊಂದಾಣಿಕೆ ನಿಧಿಯನ್ನು ನಡೆಸುತ್ತಿದೆ. ಇವು ನಿಜಕ್ಕೂ ಉಪಯೋಗಕ್ಕೆ ಬಂದ ಕ್ರಮಗಳು. ಆದರೆ ಅವೆಲ್ಲ ಆರಂಭವಾಗುವುದು ಮುಚ್ಚುವ ಸುದ್ದಿ ಹೊರಬಿದ್ದ ಮೇಲೆ.

ಖಾಲಿಯಾದ ಜಾಗಕ್ಕೆ ಹೊಸ ಉದ್ಯಮ ತರುವ ಆಸೆ ಎಷ್ಟು ಎಳಸಾಗಿರಬಲ್ಲದು ಎಂಬುದನ್ನು ಕ್ವಾರ್ನ್ಸ್‌ವೆಡೆನ್ ತೋರಿಸಿತು. ಕಾಗದದ ಯಂತ್ರಗಳು ನಿಂತ ಮರುವರ್ಷವೇ, 2022ರಲ್ಲಿ, ಬ್ಯಾಟರಿ ತಯಾರಿಸುವ ನಾರ್ತ್‌ವೋಲ್ಟ್ ಕಂಪನಿ ಆ ಜಾಗವನ್ನು ಕೊಂಡು ಸಾವಿರ ಜನರಿಗೆ ಕೆಲಸ ಕೊಡುವ ಯೋಜನೆ ಮುಂದಿಟ್ಟಾಗ ಹಳೆಯ ಉದ್ಯಮ ಹೋಗಿ ಹೊಸದು ಬಂದಿತೆಂದು ಎಲ್ಲರೂ ಸಂತೋಷಪಟ್ಟರು. 2024ರಲ್ಲಿ ಆ ಯೋಜನೆ ರದ್ದಾಯಿತು, 2025ರ ಮಾರ್ಚ್‌ನಲ್ಲಿ ಕಂಪನಿಯೇ ಸ್ವೀಡನ್ನಿನಲ್ಲಿ ದಿವಾಳಿಯಾಯಿತು.

ಇದಕ್ಕಿಂತಲೂ ಹೆಚ್ಚು ಚರ್ಚೆಯಾಗಬೇಕಾದದ್ದು ಕಾರ್ಖಾನೆಯನ್ನು ಯಾರಿಗೆ ಮಾರಲಾಗುತ್ತದೆ ಎಂಬ ಪ್ರಶ್ನೆ. 2014ರಲ್ಲಿ ವರ್ಸೋ ಕಂಪನಿ ಅಮೆರಿಕದ ಮೇನ್ ರಾಜ್ಯದ ಬಕ್ಸ್‌ಪೋರ್ಟ್ ಕಾರ್ಖಾನೆಯನ್ನು ಮುಚ್ಚಿ, 500ಕ್ಕೂ ಹೆಚ್ಚು ಜನರನ್ನು ಬಿಡುಗಡೆ ಮಾಡಿ, ಜಾಗವನ್ನು ಗುಜರಿ ಲೋಹದ ವ್ಯಾಪಾರಿ ಸಂಸ್ಥೆಗೆ ಮಾರಿತು. ಅದೇ ಸಮಯದಲ್ಲಿ ವರ್ಸೋ ತನ್ನ ದೊಡ್ಡ ಸ್ಪರ್ಧಿಯಾದ ನ್ಯೂಪೇಜ್ ಕಂಪನಿಯನ್ನು ಕೊಳ್ಳುತ್ತಿತ್ತು. ಕಾಗದ ತಯಾರಿಸಬಲ್ಲ ಇನ್ನೊಬ್ಬರ ಕೈಗೆ ಯಂತ್ರ ಸಿಗದಂತೆ ಮಾಡಲೆಂದೇ ಈ ಮಾರಾಟ ನಡೆದಿದೆ ಎಂದು ಕಾರ್ಮಿಕ ಸಂಘ ನ್ಯಾಯಾಲಯದಲ್ಲಿ ವಾದಿಸಿತು. ನ್ಯಾಯಾಲಯ ಮಾರಾಟವನ್ನು ತಡೆಯಲಿಲ್ಲ. ಒಂದು ವರ್ಷದ ನಂತರ, 2016ರ ಜನವರಿಯಲ್ಲಿ, ವರ್ಸೋ ತಾನೇ ದಿವಾಳಿ ರಕ್ಷಣೆ ಕೋರಿತು. ಫ್ರಾನ್ಸಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಪೂರ್ತಿಯಾಗಿ ರದ್ದಿಯಿಂದಲೇ ಪತ್ರಿಕಾ ಕಾಗದ ತಯಾರಿಸುತ್ತಿದ್ದ ಶಾಪೆಲ್ ದಾರ್ಬ್ಲೆ ಕಾರ್ಖಾನೆ 2020ರಲ್ಲಿ ನಿಂತ ಮೇಲೆ ಕಾರ್ಮಿಕ ಸಂಘದವರು ಯಂತ್ರಗಳನ್ನು ಕಳಚಲು ಬಿಡದೆ ಹೋರಾಡಿದರು. 2022ರಲ್ಲಿ ಅಲ್ಲಿನ ರುವಾನ್ ಮಹಾನಗರ ಆಡಳಿತ ಮೊದಲು ಕೊಳ್ಳುವ ತನ್ನ ಕಾನೂನುಬದ್ಧ ಹಕ್ಕನ್ನು ಚಲಾಯಿಸಿ, ಕಾಗದದ ಉದ್ಯಮದಲ್ಲೇ ಮುಂದುವರಿಯುವವರಿಗೆ ಜಾಗ ಸಿಗುವಂತೆ ಮಾಡಿತು. ಯಂತ್ರ ಮತ್ತೆ ಓಡಲು ಬೇಕಾದ ಹಣ ಹೊಂದಿಸುವ ಕೆಲಸ ಆಮೇಲೂ ವರ್ಷಗಟ್ಟಲೆ ಎಳೆಯಿತು ಎಂಬುದು ನಿಜ. ಆದರೂ ಯಂತ್ರ ಗುಜರಿಗೆ ಹೋದ ಊರಿಗೆ ಆಯ್ಕೆಯೇ ಉಳಿಯುವುದಿಲ್ಲ, ಉಳಿದ ಊರಿಗೆ ಕಾಯುವ ಅವಕಾಶವಾದರೂ ಇರುತ್ತದೆ.

ಉಳಿದುಕೊಂಡ ಕಾರ್ಖಾನೆಗಳಲ್ಲೂ ಪುನರ್ರಚನೆಯ ಬಿಸಿ ಬೇರೆ ರೂಪದಲ್ಲಿ ತಟ್ಟುತ್ತಿದೆ. ಫಿನ್ಲೆಂಡಿನಲ್ಲಿ ಇಡೀ ಉದ್ಯಮಕ್ಕೆ ಒಂದೇ ವೇತನ ಒಪ್ಪಂದವಿದ್ದ ಪದ್ಧತಿಯನ್ನು ಮುರಿದು ಒಂದೊಂದು ವ್ಯವಹಾರಕ್ಕೆ ಒಂದೊಂದು ಒಪ್ಪಂದ ಬೇಕೆಂದು ಯುಪಿಎಂ ಪಟ್ಟು ಹಿಡಿದಾಗ, 2022ರ ಜನವರಿ 1ರಿಂದ ಏಪ್ರಿಲ್ 22ರವರೆಗೆ 112 ದಿನ ಮುಷ್ಕರ ನಡೆಯಿತು. ಬೆಳೆಯುವ ತಿರುಳು ವಿಭಾಗದ ಕಾರ್ಮಿಕನೂ ಕುಗ್ಗುವ ಕಾಗದ ವಿಭಾಗದ ಕಾರ್ಮಿಕನೂ ಇನ್ನು ಮುಂದೆ ಬೇರೆ ಬೇರೆ ಮೇಜಿನಲ್ಲಿ ಕುಳಿತು ಮಾತನಾಡಬೇಕು ಎಂಬುದೇ ಆ ವಿವಾದದ ತಿರುಳಾಗಿತ್ತು, ಮತ್ತು ಕೊನೆಗೆ ಒಪ್ಪಂದಗಳು ಆಗಿದ್ದೂ ವ್ಯವಹಾರವಾರು ನೆಲೆಯಲ್ಲೇ.

ಹಾಗಾದರೆ ಏನು ಕೇಳಬಹುದು? ಬೇಡಿಕೆಯಿಲ್ಲದ ಕಾಗದವನ್ನು ತಯಾರಿಸುತ್ತಲೇ ಇರಿ ಎಂದು ಯಾರೂ ಕೇಳಲಾರರು. ಕೇಳಬಹುದಾದದ್ದು ಸಮಯವನ್ನು. ಅಮೆರಿಕದ 1988ರ ಕಾನೂನು ದೊಡ್ಡ ಕಾರ್ಖಾನೆ ಮುಚ್ಚುವ ಮೊದಲು 60 ದಿನಗಳ ಮುನ್ಸೂಚನೆ ಕೊಡಬೇಕೆನ್ನುತ್ತದೆ. ಯಂತ್ರಕ್ಕೆ ಇನ್ನು ದೊಡ್ಡ ಹೂಡಿಕೆ ಮಾಡುವುದಿಲ್ಲ ಎಂದು ಆಡಳಿತ ಮಂಡಳಿ ತೀರ್ಮಾನಿಸಿದ ದಿನವೇ ಆ ಗಡಿಯಾರ ಓಡಲು ಆರಂಭವಾಗಬೇಕು. ಆ ತೀರ್ಮಾನವನ್ನು ಕಾರ್ಮಿಕ ಸಂಘಕ್ಕೂ ಸ್ಥಳೀಯ ಆಡಳಿತಕ್ಕೂ ತಿಳಿಸುವುದು ಕಡ್ಡಾಯವಾಗಬೇಕು. ಹೀಗೆ ತಿಳಿಸಿದರೆ ನುರಿತವರು ಬೇಗ ಬಿಟ್ಟುಹೋಗುತ್ತಾರೆ, ಗಿರಾಕಿಗಳು ದೂರವಾಗುತ್ತಾರೆ, ಮುಚ್ಚುವುದು ಇನ್ನೂ ಹತ್ತಿರವಾಗುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅದಕ್ಕೆ ಉತ್ತರ, ಕೊನೆಯವರೆಗೆ ಉಳಿದವರಿಗೆ ಹೆಚ್ಚುವರಿ ಹಣವನ್ನು ಮೊದಲೇ ಬರಹದಲ್ಲಿ ಖಾತ್ರಿಪಡಿಸುವುದು, ಕೆಲಸದಲ್ಲಿರುವಾಗಲೇ ಪಾಳಿಯ ಸಮಯದಲ್ಲಿ ಮರುತರಬೇತಿ ಮತ್ತು ಕೌಶಲಕ್ಕೆ ಪ್ರಮಾಣಪತ್ರ ಕೊಡಿಸುವುದು. ಸಾರ್ವಜನಿಕ ಹಣ ಪಡೆದ ಕಾರ್ಖಾನೆಯನ್ನು ಮಾರುವಾಗ ಯಂತ್ರಗಳನ್ನು ಕಳಚುವ ಮುನ್ನ ಕಾರ್ಮಿಕರಿಗೂ ಸ್ಥಳೀಯ ಆಡಳಿತಕ್ಕೂ ಕೊಳ್ಳುವ ಮೊದಲ ಅವಕಾಶ ಇರಬೇಕು, ಮತ್ತು ಆ ಅವಧಿಯಲ್ಲಿ ಬಾಯ್ಲರ್ ಹಾಗೂ ಒಣಗಿಸುವ ಉರುಳೆಗಳನ್ನು ಕೆಡದಂತೆ ಕಾಯ್ದಿಡುವ ಖರ್ಚನ್ನು ಕಂಪನಿಯೇ ಭರಿಸಬೇಕು. ಚಳಿಗಾಲದಲ್ಲಿ ಕೊಳವೆಗಳೊಳಗಿನ ನೀರು ಹೆಪ್ಪುಗಟ್ಟಿ ಒಡೆದರೆ, ನೋಡಿಕೊಳ್ಳದೆ ಬಿಟ್ಟ ಉರುಳೆಗಳು ತುಕ್ಕು ಹಿಡಿದರೆ, ಆ ಯಂತ್ರವನ್ನು ಮತ್ತೆ ಓಡಿಸುವ ವೆಚ್ಚ ಯಾವ ಕೊಳ್ಳುವವನ ಕೈಗೂ ಎಟುಕದಷ್ಟು ಏರಿಬಿಡುತ್ತದೆ; ಆದ್ದರಿಂದ ಈ ಷರತ್ತು ಮಾರಾಟದ ಮಾತುಕತೆಯ ಕೊನೆಯಲ್ಲಿ ಅಲ್ಲ, ನೆರವಿನ ಹಣ ಕೊಡುವ ಮೊದಲ ಒಪ್ಪಂದದಲ್ಲೇ ಸೇರಿರಬೇಕು.